ಯಾರನ್ನೂ ವಸ್ತಿ ಇಡದ ಕಾಕಾ

ನಮ್ಮ ಕಾಕಾನ ಫೋನನ್ನು ಕದ್ದವನು ಮರುದಿನವೇ ವಾಪಸ್ ತಂದಿಟ್ಟ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ! ಕಲಬುರಗಿ ಬಸ್ ನಿಲ್ದಾಣದಲ್ಲಿ ಕಿಸೆಯಿಂದ ಮಾಯವಾದ ಫೋನು ಮರುದಿನ ಮುಂಜಾನೆ ಜೇವರ್ಗಿ ಕಾಲೋನಿಯ ಅವರ ಮನೆ ಕಟ್ಟೆಯ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ತಣ್ಣಗೆ ಕೂತಿತ್ತು. ಅದರ ಬೆನ್ನಿಗೆ ಕಾಕಾ ವಿಳಾಸದ ಚೀಟಿ ಅಂಟಿಸಿದ್ದರು, ಸರಿ. ಆದರೆ ಯಾವ ಕಳ್ಳ ವಿಳಾಸ ಓದಿಕೊಂಡು ಬರುತ್ತಾನೆ? ಕಾಕಾನ ಹೆಂಡತಿ, ನಮ್ಮ ಕಾಕು, ಕಳ್ಳನ ಮನಸ್ಸು ಕರಗಿತೆಂದು ದೇವರ ಮುಂದೆ ಊದಿನಕಡ್ಡಿ ಹಚ್ಚಿದರು. ನನಗೆ ಮಾತ್ರ ಗೊತ್ತು, ಅವನಿಗೆ ಆದದ್ದು ಕನಿಕರ. ಆ ಫೋನಿನಲ್ಲಿ ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ. ಇಂಥ ಬಡವನ ಮನೆಗೆ ಕನ್ನ ಹಾಕಿದೆನಲ್ಲ ಎಂದು ಪಾಪ, ಅವನಿಗೆ ನಿದ್ದೆ ಬಂದಿರಲಿಕ್ಕಿಲ್ಲ.

ಹಾಗಾದರೆ ಕಾಕಾನಿಗೆ ಕಂಪ್ಯೂಟರು, ಫೋನು ತಿಳಿಯುವುದಿಲ್ಲ ಎಂದುಕೊಂಡಿರಾ? ಅಲ್ಲೇ ಎಡವಿದಿರಿ. ಜೇವರ್ಗಿ ಕಾಲೋನಿಯ ಅರ್ಧ ಮಂದಿಗೆ ಮೌಸ್ ಹಿಡಿಯುವುದನ್ನು ಕಲಿಸಿದವರೇ ಅವರು. ಮನೆಯ ಮುಂದಿನ ಕೋಣೆಯಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಕಂಪ್ಯೂಟರ್ ಕ್ಲಾಸು. ಅವರ ತಕರಾರೆಲ್ಲ ‘ಇನ್‌ಸ್ಟಾಲ್’ ಎಂಬ ಒಂದೇ ಶಬ್ದದ ಮೇಲೆ. ಬ್ಯಾಂಕಿನವರು ಹೇಳಲಿ, ಗ್ಯಾಸಿನವರು ಹೇಳಲಿ, ಸ್ವತಃ ಬೀಗರು ಬಂದು ಬೇಡಿಕೊಳ್ಳಲಿ, ಕಾಕಾ ತಮ್ಮ ಫೋನಿನೊಳಗೆ ಒಂದು ಆ್ಯಪನ್ನೂ ಇಳಿಸಿಕೊಂಡವರಲ್ಲ.

"ಆ್ಯಪ್ ಅಂದ್ರ ಮದವಿ ಮುಗಿದ ಮ್ಯಾಲೂ ಊರಿಗೆ ಹೋಗಲಾರದ ನೆಂಟರು ಇದ್ದಂಗ ಯವ್ವಾ," ಎಂದು ನನಗೆ ಪಾಠ ಹೇಳುತ್ತಿದ್ದರು. "ಬರೂಕಿಂತ ಮೊದಲs ಜಗಾ ಎಷ್ಟದ ಅಂತ ಕೇಳ್ತಾರ. ಬಂದ ಮ್ಯಾಲ ಫೋಟೊ ತೋರಸು ಅಂತಾರ, ಯಾರ್ಯಾರ ನಂಬರ್ ಅವ ಕೊಡು ಅಂತಾರ, ಈಗ ಎಲ್ಲಿಗೆ ಹೊಂಟೀದಿ ಹೇಳು ಅಂತಾರ. ನಿನಗ್ಯಾಕಪ್ಪ ಉಸಾಬರಿ? ನನ್ನ ಫೋನಿನ್ಯಾಗ ನಾ ಯಾರನ್ನೂ ವಸ್ತಿ ಇಡಂಗಿಲ್ಲ!"

ಒಂದು ದಿನ ಅದನ್ನು ಕೇಳಿ ಒಳಗೆ ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಹಂಗಿದ್ರ ಮನಿಯಾಗ ನನ್ನ ಯಾಕ ಇಟ್ಕೊಂಡೀರಿ?"

"ನೀ ಫೋನಿನ ಜೋಡಿ ಕಂಪನಿಯಿಂದs ಬಂದ ಆ್ಯಪ್ ಇದ್ದಂಗ. ತಗೀಲಾಕ ಬರಂಗಿಲ್ಲ!"

ಆ ಮಧ್ಯಾಹ್ನ ಕಾಕಾನ ತಾಟಿನಲ್ಲಿ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ.

ಈ ವ್ರತ ಅವರೊಬ್ಬರಿಗೇ ಸೀಮಿತವಾಗಿದ್ದರೆ ನಾವು ನಕ್ಕು ಸುಮ್ಮನಿರುತ್ತಿದ್ದೆವು. ಆದರೆ ನಡುವೆ ನಮ್ಮ ಅಪ್ಪನ ಸೊಂಟ ಬಂತು.

ಅಪ್ಪ ಎಂದರೆ ಕಾಕಾನ ಅಣ್ಣ. ನಾವಿರುವುದು ಕಮಲಾಪುರದಲ್ಲಿ. ಅಪ್ಪನ ಕಸುಬು ಲಗ್ನಪತ್ರಿಕೆಯ ಅಕ್ಷರ ಜೋಡಿಸುವುದು. ನಮ್ಮ ಸುತ್ತಲಿನ ಊರುಗಳಲ್ಲಿ ಹೆಣ್ಣು ಗಂಡು ಒಪ್ಪಿದರೆ ಅರ್ಧ ಮದುವೆ ಆದಂತೆ, ಅಪ್ಪನ ಪತ್ರಿಕೆ ಕೈಗೆ ಬಂದರೆ ಪೂರ್ತಿ. ಅಣ್ಣತಮ್ಮಂದಿರು ಸೇರಿ ಬಹಳ ಹಿಂದೆ ಕೊಂಡ ಕಂಪ್ಯೂಟರೊಂದು ಕಾಕಾನ ಮನೆಯಲ್ಲಿದೆ. ಅದರೊಳಗಿನ ಅಕ್ಷರಗಳು ಅಪ್ಪನಿಗೆ ಬೇಕಾದ ಗುಂಡು ಗುಂಡಾದ ಹಳೆಯ ಅಕ್ಷರಗಳು. ಹೊಸ ಕಂಪ್ಯೂಟರಿಗೆ ಅವು ಒಗ್ಗುವುದಿಲ್ಲ. ಹಿಂಬದಿಗೆ ಬೆರಳುದ್ದದ ಡಾಂಗಲ್ ಒಂದನ್ನು ಸಿಕ್ಕಿಸಿದರೆ ಮಾತ್ರ ಆ ಅಕ್ಷರ ಜೋಡಿಸುವ ತಂತ್ರಾಂಶ ಬಾಯಿ ಬಿಡುತ್ತದೆ, ಇಲ್ಲವಾದರೆ ಇಲ್ಲ. ಹಾಗಾಗಿ ಅಪ್ಪ ದಿನಾ ಮುಂಜಾನೆ ಕಮಲಾಪುರದಿಂದ ಬಸ್ ಹತ್ತಿ ಕಲಬುರಗಿಗೆ ಹೋಗಿ, ತಮ್ಮನ ಮನೆಯಲ್ಲಿ ಚಹಾ ಕುಡಿದು, ತಮ್ಮನ ಜೊತೆ ಜಗಳಾಡುತ್ತ ಪತ್ರಿಕೆ ಮಾಡಿ, ಸಂಜೆ ತಿರುಗಿ ಬರುತ್ತಿದ್ದರು. ನನ್ನ ನೌಕರಿಯೂ ಕಲಬುರಗಿಯಲ್ಲೇ ಆದ್ದರಿಂದ ಇಬ್ಬರೂ ಒಂದೇ ಬಸ್ಸು.

ಒಂದು ದಿನ ಅಪ್ಪ ಬಚ್ಚಲಲ್ಲಿ ಜಾರಿದರು. ಆಪರೇಷನ್ ಆಯಿತು. ಬಸ್ಸಿನ ಕುಲುಕಾಟ ಇನ್ನು ಸಾಕು ಎಂದರು ಡಾಕ್ಟರು. ಅಪ್ಪ ಮಂಚ ಹಿಡಿದರು ಎನ್ನುವುದಕ್ಕಿಂತ ಗೋಡೆ ಹಿಡಿದರು ಎನ್ನಬೇಕು. ಅದರ ಕಡೆ ಮುಖ ಮಾಡಿ ಮಲಗಿದವರು ಅವ್ವ ಏನು ಕೇಳಿದರೂ ‘ಹೂಂ’ ಎನ್ನುತ್ತಿದ್ದರು. ಗಿರಾಕಿಗಳು ಬಂದರೆ "ಬ್ಯಾರೆ ಕಡೆ ನೋಡ್ಕೋರಿ" ಎಂದು ಕಳಿಸಿಬಿಡುತ್ತಿದ್ದರು. ನನಗೆ ಭಯವಾಯಿತು. ಸೊಂಟದ ಎಲುಬು ಕೂಡುತ್ತದೆ, ಆದರೆ ಪತ್ರಿಕೆ ಮಾಡದೆ ಕೂತ ಅಪ್ಪ ಮೊದಲಿನ ಅಪ್ಪ ಆಗುವುದು ಹೇಗೆ?

"ಕಂಪ್ಯೂಟರನ್ನs ಕಮಲಾಪುರಕ್ಕ ತರೂಣು ಕಾಕಾ," ಎಂದೆ.

ಕಾಕಾ ಕಂಪ್ಯೂಟರಿನ ಬೆನ್ನು ಸವರಿ, "ತರೂಣು, ಅದಕ್ಕೇನು," ಎಂದರು. ಅದನ್ನು ಕೌದಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆತಂದಂತೆ ಟಂಟಂ ಆಟೋದಲ್ಲಿ ಕರೆತಂದರು. ಅಪ್ಪನ ಮಂಚದ ಪಕ್ಕಕ್ಕೆ ಮೇಜು ಹಾಕಿದೆವು. ಅಪ್ಪ ಎಷ್ಟೋ ದಿನಗಳ ಮೇಲೆ ಗೋಡೆ ಬಿಟ್ಟು ಈ ಕಡೆ ತಿರುಗಿದರು. ಕಂಪ್ಯೂಟರು ಚಾಲೂ ಆಯಿತು, ಆದರೆ ಅಕ್ಷರದ ತಂತ್ರಾಂಶ ಬಾಯಿ ಬಿಡಲೊಲ್ಲದು! ಕಾಕಾ ಮೇಜಿನ ಹಿಂದೆ ನುಗ್ಗಿದರು, ವೈರು ಎಳೆದರು, ಊದಿದರು, ಬಡಿದರು. ಕೊನೆಗೆ ತಲೆತುಂಬ ಜೇಡರಬಲೆ ಹೊತ್ತುಕೊಂಡು ಎದ್ದು, ಎರಡೂ ಕೈ ಕಿಸೆಗೆ ಇಳಿಬಿಟ್ಟು ತೀರ್ಪು ಕೊಟ್ಟರು.

"ಅಣ್ಣಾ, ಇದಕ್ಕ ಕಮಲಾಪುರದ ಹವಾ ಒಗ್ಗವಲ್ದು."

ಅಪ್ಪ ತಮ್ಮನನ್ನೇ ನೋಡಿದರು. ಆಮೇಲೆ, "ಒಯ್ಯಿ ಹಂಗಿದ್ರ," ಎಂದರು. ಜೇವರ್ಗಿ ಕಾಲೋನಿಗೆ ಒಯ್ದು ಹಚ್ಚಿದ ಕೂಡಲೇ ಅದು ತೆರೆದುಕೊಂಡಿತಂತೆ! ಕಾಕಾನ ಜೊತೆ ಇದ್ದು ಇದ್ದು ಯಂತ್ರಕ್ಕೂ ಹಟ ಬಂದಿದೆ ಎಂದು ನಾನು ಹಣೆ ಹಣೆ ಬಡಿದುಕೊಂಡೆ.

"ಕಂಪ್ಯೂಟರ್ ಅಲ್ಲಿಗೆ ಬರಂಗಿಲ್ಲ, ಅಣ್ಣ ಇಲ್ಲಿಗೆ ಬರಂಗಿಲ್ಲ," ಎಂದು ಕಾಕಾ ಲೆಕ್ಕ ಹಾಕಿದರು. "ಪರದಿ ಅಷ್ಟೇ ಕಳಸ್ತೀನಿ."

"ಅದಕ್ಕ ಬೇಕಾದಷ್ಟು ಆ್ಯಪ್ ಅವ ಕಾಕಾ. ಎರಡೂ ಕಡೆ ಇನ್‌ಸ್ಟಾಲ್ ಮಾಡಿದ್ರ..."

ಆ ಶಬ್ದ ಕೇಳಿ ಕಾಕಾ ಎರಡೂ ಕಿವಿ ಮುಚ್ಚಿಕೊಂಡರು. ಅಣ್ಣನಿಗಾಗಿ ಪ್ರಾಣ ಕೊಟ್ಟಾರು, ಇನ್‌ಸ್ಟಾಲ್ ಮಾಡಲಾರರು!

ಅಂದಿನಿಂದ ಕಾಕಾ ಕೋಣೆ ಸೇರಿದರು. ಕ್ಲಾಸು ಮುಗಿದರೆ ಕೋಣೆ, ಊಟ ಮುಗಿದರೆ ಕೋಣೆ. ತಾವೇ ಒಂದು ಸಾಫ್ಟ್‌ವೇರು ಬರೆಯುತ್ತಾರಂತೆ. ಇಲ್ಲಿನ ಕಂಪ್ಯೂಟರಿನ ಪರದೆ ಅಲ್ಲಿನ ಬ್ರೌಸರಿನಲ್ಲಿ ಹಾಗೆಯೇ ಕಾಣಬೇಕು, ಅಲ್ಲಿ ಮೌಸ್ ಆಡಿಸಿದರೆ ಇಲ್ಲಿ ಬಾಣ ಆಡಬೇಕು, ಆದರೆ ಯಾರೂ ಏನನ್ನೂ ಇಳಿಸಿಕೊಳ್ಳಬಾರದು. "ಕೋಣ್ಯಾಗ ಒಬ್ಬರs ಮಾತಾಡ್ತಾರವ್ವ," ಎಂದು ಕಾಕು ನನಗೆ ಫೋನು ಮಾಡಿ ಅತ್ತರು. ಮೊದಲ ಪ್ರಯೋಗದಲ್ಲಿ, ಮೌಸ್ ಸಿಕ್ಕಿಸಿ ಅಪ್ಪನ ಮುಂದಿಟ್ಟ ನನ್ನ ಹಳೆಯ ಟ್ಯಾಬ್ಲೆಟ್ಟಿಗೆ ಪರದೆ ಬಂತು, ಆದರೆ ತಲೆಕೆಳಗಾಗಿ ಬಂತು. ಎರಡನೆಯದರಲ್ಲಿ ನೆಟ್ಟಗೆ ಬಂತು, ಆದರೆ ಅಪ್ಪ ಕಮಲಾಪುರದಲ್ಲಿ ಮೌಸ್ ಸರಿಸಿ ಚಹಾ ಕುಡಿದು ಬಸಿ ಕೆಳಗಿಟ್ಟ ಮೇಲೆ ಕಲಬುರಗಿಯಲ್ಲಿ ಬಾಣ ಹೊರಡುತ್ತಿತ್ತು. "ಬಸ್ಸಿನ್ಯಾಗs ಹೋಗಿದ್ರ ಬೇಗ ಮುಟ್ತಿದ್ದೆ," ಎಂದರು ಅಪ್ಪ. ಆದರೂ ನಾನು ಒಂದನ್ನು ಗಮನಿಸಿದೆ. ಬಹಳ ದಿನದ ಮೇಲೆ ಅವರು ತಮಾಷೆ ಮಾಡಿದ್ದರು.

ಕೊನೆಗೊಮ್ಮೆ ಕಾಕಾ ವಿಜಯಿಯಾಗಿ ಕಮಲಾಪುರಕ್ಕೆ ಬಂದರು, ಕಾಕುವನ್ನೂ ಕರೆದುಕೊಂಡು. "ಇದಕ್ಕ ಪ್ರೋಗ್ರೆಸಿವ್ ವೆಬ್ ಆ್ಯಪ್ ಅಂತಾರ. ಬ್ರೌಸರಿನ್ಯಾಗ ತೆಗಿ, ‘ಮುಖಪುಟಕ್ಕೆ ಸೇರಿಸು’ ಅನ್ನೂದು ಒತ್ತು, ಆತು!" ಎಂದು ಅದೇ ಟ್ಯಾಬ್ಲೆಟ್ಟಿನಲ್ಲಿ ಮಾಡಿ ತೋರಿಸಿದರು. ಪರದೆಯ ಮೇಲೆ ಚಿಕ್ಕದೊಂದು ಚಿತ್ರ ಬಂದು ಕೂತಿತು.

ಕಾಕು ಬಗ್ಗಿ ನೋಡಿದರು. "ಬಂದು ಕುಂತೇ ಬಿಟ್ಟದಲ್ಲರೀ! ಇದು ಇನ್‌ಸ್ಟಾಲ್ ಅಲ್ಲೇನು?"

"ಅಲ್ಲ! ಇದು ಒಳಗ ಬಂದಿಲ್ಲ. ಬಾಗಲಾಗ ನಿಂತು ಮಾತಾಡಿಸಿ ಹೋಗೂ ಓಣಿ ಮಂದಿ ಇದ್ದಂಗ."

"ಓಣಿ ಮಂದಿ ಬಾಗಲಾಗ ನಿಂತ್ರ ಎಷ್ಟೊತ್ತು ಹೋಗಂಗಿಲ್ಲ ಅನ್ನೂದು ನನಗ ಗೊತ್ತದ," ಎಂದರು ಕಾಕು.

ಆ ಸಾಫ್ಟ್‌ವೇರಿನ ಚೆಂದ ಅದರ ಗುಂಡಿಗಳಲ್ಲಿದೆ. ಹೊಸ್ತಿಲಲ್ಲಿ ನಿಂತು ಕೇಳದೆ ಒಳಗೆ ನುಗ್ಗುವ ಪದ್ಧತಿ ನಮ್ಮಲ್ಲಿಲ್ಲವಷ್ಟೆ? ಈ ಕಡೆ ತೆರೆದರೆ ಆ ಕಡೆಯ ಕಂಪ್ಯೂಟರಿನಲ್ಲಿ ‘ಒಳಗ ಬರ್ಲ್ಯಾ?’ ಎಂದು ಮೂಡುತ್ತದೆ. ಆ ಕಡೆಯವರು ಒತ್ತಬೇಕಾದ ಗುಂಡಿಗಳು ಎರಡು. ಒಂದು ‘ಬಾ’. ಇನ್ನೊಂದು ‘ಈಗ ಬ್ಯಾಡ, ಊಟ ಮಾಡ್ಲಾಕತ್ತೀವಿ’. ಇನ್ನು ಮುಚ್ಚುವ ಗುಂಡಿ? ಜಗತ್ತಿನ ಸಾಫ್ಟ್‌ವೇರುಗಳಲ್ಲೆಲ್ಲ ಅದಕ್ಕೆ ಕತ್ತರಿಯಂಥ ಗುರುತು. ಕಾಕಾ ಒಪ್ಪಲಿಲ್ಲ. ಮನೆಯಿಂದ ಹೊರಡುವವರು ‘ಹೋಗ್ತೀನಿ’ ಎನ್ನುತ್ತಾರೆಯೇ? ಅಲ್ಲಿ ‘ಹೋಗಿ ಬರ್ತೀನಿ’ ಎಂದು ಬರೆದಿದ್ದರು.

ಅಪ್ಪ ಮೊದಮೊದಲು ಅನುಮಾನಿಸಿದರು. ಅವ್ವನ ಮಣೆಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಮೌಸ್ ಆಡಿಸಿ, ಒಂದು ‘ಶ್ರೀ’ ಬರೆದರು. ಆ ಗುಂಡು ಗುಂಡಾದ ‘ಶ್ರೀ’ ಟ್ಯಾಬ್ಲೆಟ್ಟಿನಲ್ಲಿ ಮೂಡಿದಾಗ ಅವರ ಮುಖ ನೋಡಬೇಕಿತ್ತು! ಆ ವಾರವೇ ಅವ್ವನಿಗೆ "ಪಲ್ಯಾಕ ಉಪ್ಪು ಕಮ್ಮಿ ಆಗ್ಯಾದ" ಎಂದು ಜೋರು ಮಾಡಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಹೇಳಿದ್ದು, "ಇನ್ನ ಚಿಂತಿಲ್ಲ."

ಚಿಂತೆ ಶುರುವಾದದ್ದು ಆಮೇಲೆ. ಒಂದೇ ಪರದೆ, ಒಂದೇ ಬಾಣ, ಎರಡು ಊರಲ್ಲಿ ಎರಡು ಮೌಸು! ಅಪ್ಪ ಬಳ್ಳಿಯ ಚಿತ್ರವನ್ನು ಎಡಕ್ಕೆ ಒಯ್ದರೆ ಕಾಕಾ ಬಲಕ್ಕೆ ಎಳೆಯುವರು. ಮದುಮಗಳ ಹೆಸರು ಹಿಗ್ಗುವುದು, ಕುಗ್ಗುವುದು. ಫೋನಿನಲ್ಲಿ ಬೈದಾಡೋಣವೆಂದರೆ ಅಪ್ಪನಿಗೆ ಕಿವಿ ಮಂದ. ಹೀಗಾಗಿ ಅಣ್ಣತಮ್ಮಂದಿರು ಪತ್ರಿಕೆಯ ಬುಡದ ಖಾಲಿ ಜಾಗದಲ್ಲೇ ಬರೆದು ಮಾತಾಡುವುದನ್ನು ರೂಢಿ ಮಾಡಿಕೊಂಡರು. ಮಾತು ಮುಗಿದ ಮೇಲೆ ಅಳಿಸಿಬಿಡುವುದು. ಅಳಿಸುವವರು ಯಾರು? ಅಣ್ಣ ಅಳಿಸಿದನೆಂದು ತಮ್ಮ, ತಮ್ಮ ಅಳಿಸಿದನೆಂದು ಅಣ್ಣ!

ತಾಜಸುಲ್ತಾನಪುರದ ಒಂದು ಮನೆಯ ಮದುವೆ. ಪತ್ರಿಕೆ ಅಚ್ಚಾಯಿತು, ಕಟ್ಟು ಕಟ್ಟಿ ಕೊಟ್ಟದ್ದೂ ಆಯಿತು. ಮರುದಿನ ಹುಡುಗಿಯ ಅಪ್ಪ ಪತ್ರಿಕೆ ಹಿಡಿದು ಜೇವರ್ಗಿ ಕಾಲೋನಿಗೆ ಬಂದ. ನಾನು ಆಗ ಅಲ್ಲೇ ಇದ್ದೆ. ‘ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ’ ಎಂಬುದರ ಕೆಳಗೆ, ಅಷ್ಟೇ ಚೆಂದದ ಗುಂಡಕ್ಷರದಲ್ಲಿ, ಬಂಗಾರದ ಬಣ್ಣದಲ್ಲಿ, ಎರಡು ಸಾಲು ಹೊಳೆಯುತ್ತಿದ್ದವು:

‘ಅಣ್ಣಾ, ಮುಂಜಾನಿ ಗುಳಿಗಿ ತಗೊಂಡಿಲ್ಲೋ? ಸುಳ್ಳು ಹೇಳಬ್ಯಾಡ.’

‘ತಗೊಂಡೀನಿ. ನಿನ್ನ ಬಾಣ ಸರಿಸು, ಮದುಮಗನ ಮ್ಯಾಲ ಕುಂತದ.’

ಕಾಕಾ ಎರಡೂ ಕೈ ಮುಗಿದರು. "ತಪ್ಪಾತ್ರಿ, ಹೊಸಾದು ಮಾಡಿ ಕೊಡ್ತೀವಿ..."

"ಹೊಸಾದು ಯಾಕ್ರಿ?" ಎಂದ ಆ ಪುಣ್ಯಾತ್ಮ. "ನಮ್ಮ ಆಯಿಗೆ ಓದಿ ಹೇಳಿದ್ವಿ. ಭಾಳ ಖುಷಿ ಆದಳು. ಇಷ್ಟು ವರ್ಷದಾಗ ಮಂದಿ ಆರಾಮ ಕೇಳಿದ ಪತ್ರಿಕಿ ಇದೊಂದೇ ನೋಡ್ರಿ ಅಂದಳು. ಇನ್ನೊಂದು ಕಟ್ಟು ಬೇಕಾಗ್ಯಾದ, ಹಂಚಿ ಸಾಲವಲ್ವು!"

ಆ ಮದುವೆಯಲ್ಲಿ ಊಟಕ್ಕೆ ಕೂತವರೆಲ್ಲ ಒಬ್ಬರಿಗೊಬ್ಬರು ಗುಳಿಗಿ ತಗೊಂಡಿಲ್ಲೋ ಎಂದು ಕೇಳಿದ್ದೇ ಕೇಳಿದ್ದು. ಮುಂದಿನ ಗಿರಾಕಿ ಬಂದವನು ನಾಚುತ್ತ ಕೇಳಿದ, "ನಮ್ಮದಕ್ಕೂ ಆ ಗುಳಿಗಿ ಸಾಲು ಹಾಕ್ರಿ ಸರ."

ಈ ಕೀರ್ತಿ ಕಾಕಾನ ತಲೆಗೇರಿತು. ಇಂಥ ಸಾಫ್ಟ್‌ವೇರನ್ನು ಅಣ್ಣನೊಬ್ಬನಿಗೇ ಇಟ್ಟುಕೊಳ್ಳುವುದು ಪಾಪ, ಲೋಕಕ್ಕೆಲ್ಲ ಪುಕ್ಕಟೆ ಹಂಚಬೇಕು ಎಂದು ಕಮಲಾಪುರದ ಸಂತೆಗೆ ಬಂದರು. ಕೆಂಪು ಬಾಳೆಹಣ್ಣಿನವನ ಪಕ್ಕದಲ್ಲಿ ಒಂದು ಸ್ಟೂಲು, ಒಂದು ಫಲಕ: ‘ನಿಮ್ಮ ಮನೆಯ ಕಂಪ್ಯೂಟರು ನಿಮ್ಮ ಅಂಗೈಯಲ್ಲಿ! ಏನನ್ನೂ ಇನ್‌ಸ್ಟಾಲ್ ಮಾಡಬೇಡಿ!’ ನಾಚಿಕೆಯಿಂದ ನಾನು ಕೊತ್ತಂಬರಿ ಮಾರುವವರ ಹಿಂದೆ ನಿಂತೆ.

ಬಾಳೆಹಣ್ಣಿನವನು ಸುತ್ತೆಲ್ಲ ನೋಡಿದ. "ಕಾಕಾ, ಕ್ಯಾ ಬೇಚ್ರೈಂ ತುಮೇ? ಮಾಲೇ ದಿಸ್ತಾ ನೈ!" ಏನು ಮಾರುತ್ತಿದ್ದೀರಿ, ಸರಕೇ ಕಾಣದಲ್ಲ ಎಂಬ ಅವನ ಸಂಶಯ ನ್ಯಾಯವಾದದ್ದೇ.

ತಲೆಯ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ಕಾಕಾನ ವಿವರಣೆಯನ್ನೆಲ್ಲ ಸಮಾಧಾನದಿಂದ ಕೇಳಿ, "ನಮ್ಮನಿಯಾಗ ಕಂಪ್ಯೂಟರ್ ಇಲ್ಲರಿ ಯಪ್ಪಾ. ಎಮ್ಮಿ ಅದ. ಎಮ್ಮಿ ಕಾಣ್ತದೇನು?" ಎಂದಳು. ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಕಾಕಾ ನಗಲಿಲ್ಲ. ಗದ್ದಕ್ಕೆ ಕೈಯಿಟ್ಟು, "ಕೊಟ್ಟಿಗ್ಯಾಗ ಕ್ಯಾಮೆರಾ ಅದ ಏನವಾ?" ಎಂದು ಕೇಳಿದರು!

ಆಗಲೇ ಮಂದಿ ಮುಗಿಬಿದ್ದಿತ್ತು. ಕಾಕಾ ಎಲ್ಲರಿಗೂ ಕಾಣುವಂತೆ ಟ್ಯಾಬ್ಲೆಟ್ ಎತ್ತಿ ಹಿಡಿದು, "ಈಗ ನೋಡ್ರಿ, ಜೇವರ್ಗಿ ಕಾಲೋನಿಯೊಳಗಿನ ನನ್ನ ಕಂಪ್ಯೂಟರ್ ಇಲ್ಲಿ ಕಾಣ್ತದ!" ಎಂದು ಒತ್ತಿದರು. ಆ ಕಡೆ ಕಂಪ್ಯೂಟರಿನ ಮುಂದೆ ಇದ್ದವರು ಕಾಕು. ಸಂತೆಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಉತ್ತರ ಮೂಡಿತು: ‘ಈಗ ಬ್ಯಾಡ, ಊಟ ಮಾಡ್ಲಾಕತ್ತೀವಿ’.

ಸಂತೆ ನಕ್ಕ ನಗೆಗೆ ಬುಟ್ಟಿಯೊಳಗಿನ ಕೋಳಿಗಳು ಗಾಬರಿಯಾದವು. ಪಲ್ಯ ಇಲ್ಲದ ಆ ರೊಟ್ಟಿಯ ದಿನ ಕಾಕುಗೆ ತೀರದೆ ಉಳಿದ ಸೇಡು ಅಂದು ತೀರಿತೆಂದು ನನ್ನ ಅನುಮಾನ. ಬಾಳೆಹಣ್ಣಿನವನು ಕನಿಕರಪಟ್ಟು ಕಾಕಾನ ಕೈಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಇಟ್ಟು ಕಳಿಸಿದ. ಲೋಕಕ್ಕೆ ಪುಕ್ಕಟೆ ಕೊಡಲು ಹೋದವರು ಪುಕ್ಕಟೆ ತೆಗೆದುಕೊಂಡು ಬಂದರು.

ಇಷ್ಟೇ ಆಗಿದ್ದರೆ ಕಾಕಾನನ್ನು ಒಬ್ಬ ತಿಕ್ಕಲು ಮನುಷ್ಯ ಎಂದು ಹೇಳಿ ಮುಗಿಸಿಬಿಡುತ್ತಿದ್ದೆ. ಆದರೆ ಮೊನ್ನೆ ಒಂದು ಮುಂಜಾನೆ, ಅಚ್ಚಾದ ಪತ್ರಿಕೆ ತೆಗೆದುಕೊಳ್ಳಲೆಂದು ಹೇಳದೆ ಕೇಳದೆ ಅವರ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಕ್ಲಾಸಿನ ಹುಡುಗರು ಬರುವವರೆಗೆ ಬನಿಯನ್ ಮೇಲೆ ಅಂಗಿಯನ್ನೇ ಹಾಕದ ಕಾಕಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು. ಕಂಪ್ಯೂಟರಿನ ಎದುರಿಗೆ ಅಲ್ಲ, ಪಕ್ಕದ ಸ್ಟೂಲಿನ ಮೇಲೆ. ಎದುರಿನ ಕುರ್ಚಿ ಅಪ್ಪನದು, ಅದು ಖಾಲಿ ಇತ್ತು. ಮೇಜಿನ ಮೇಲೆ ಎರಡು ಕಪ್ಪು ಚಹಾ.

ಪರದೆಯ ಮೇಲೆ ‘ಒಳಗ ಬರ್ಲ್ಯಾ?’ ಎಂದು ಮೂಡಿತು.

ಕಾಕಾ ‘ಬಾ’ ಒತ್ತಿದರು. ಒತ್ತಿದ್ದು ಸಾಲದೆಂಬಂತೆ ಬಾಯಿಬಿಟ್ಟೂ ಹೇಳಿದರು, "ಬಾ ಅಣ್ಣಾ, ಕೂಡು." ಬಾಣ ಒಮ್ಮೆ ನಡುಗಿ ಮೆಲ್ಲಗೆ ಮೇಲೆ ಹೋಯಿತು. ಅಪ್ಪನ ಕೈ ಹಾಗೆಯೇ, ಶುರುವಿಗೆ ಸ್ವಲ್ಪ ನಡುಗುತ್ತದೆ. ಕಾಕಾ ಆ ಬಾಣವನ್ನೇ ನೋಡುತ್ತ ತಮ್ಮ ಚಹಾ ಕುಡಿದರು.

ನಾನು ಒಳಗೆ ಹೋಗಿ ಕಾಕುವನ್ನು ಕೇಳಿದೆ. "ದಿನಾ ಹಿಂಗs," ಎಂದರು. "ಎರಡು ಕಪ್ಪು ಮಾಡಬೇಕು. ಅಣ್ಣಂದು ಆರಿದ ಮ್ಯಾಲ ಅದನ್ನೂ ತಾವs ಕುಡೀತಾರ." ಆಮೇಲೆ ದನಿ ತಗ್ಗಿಸಿದರು. "ಕಂಪ್ಯೂಟರ್ ಕಮಲಾಪುರದಾಗs ಇದ್ದಿದ್ರ ನಿಮ್ಮಪ್ಪ ಇಲ್ಲಿಗೆ ಯಾಕ ಬರ್ತಿದ್ರು ಹೇಳು? ಆ ದಿನ ಇವರು ಡಾಂಗಲ್ ಕಿತ್ತು ಕಿಸೆದಾಗ ಇಟ್ಕೊಂಡಿದ್ರವ್ವ. ಮನಿಗೆ ತಂದ ಮ್ಯಾಲ ತಿರುಗಿ ಸಿಗಸೂದು ನಾ ಕಣ್ಣಾರೆ ನೋಡ್ದೆ. ಅಣ್ಣಗ ಮೋಸ ಮಾಡ್ದೆ ಅಂತ ಆವತ್ತು ಊಟಾನೂ ಮಾಡ್ಲಿಲ್ಲ."

ಸಂಜೆ ಮನೆಗೆ ಬಂದು ಅಪ್ಪನಿಗೆ ಹೇಳಲೋ ಬೇಡವೋ ಎಂದು ಬಹಳ ಹೊತ್ತು ಸುತ್ತಾಡಿದೆ. ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಅಪ್ಪ ಸಿಟ್ಟಾಗಲಿಲ್ಲ. ಮೌಸನ್ನು ಬಟ್ಟೆಯಿಂದ ಒರೆಸುತ್ತ ಕೂತಿದ್ದರು.

"ಗೊತ್ತದಲ್ಲವಾ," ಎಂದರು. "ಸಣ್ಣಾಂವ ಇದ್ದಾಗಿಂದ ಅವ ಹಂಗs. ಏನರ ಮುಚ್ಚಿಟ್ರ ಎರಡೂ ಕೈ ಕಿಸೆದಾಗ ಇಡ್ತಾನ."

"ಗೊತ್ತಿದ್ದೂ ಕಂಪ್ಯೂಟರ್ ವಾಪಸ್ ಕಳಿಸಿದ್ಯಾ?"

"ಮತ್ತ? ಅಲ್ಲಿದ್ರ ಅವ ಏನರ ದಾರಿ ಹುಡುಕ್ತಾನಂತ ಗೊತ್ತಿತ್ತು. ಅದು ಇಲ್ಲೇ ಚಾಲೂ ಆಗಿದ್ರ, ನಾ ಅವನ ಮನಿಗೆ ಹೋಗೂದು ಹೆಂಗ?"

ಅಣ್ಣನಿಗಾಗಿ ತಮ್ಮ ಸುಳ್ಳು ಹೇಳಿದ, ತಮ್ಮನಿಗಾಗಿ ಅಣ್ಣ ಅದನ್ನು ನಂಬಿದಂತೆ ಮಾಡಿದ. ಇಂಥವರನ್ನು ನೋಡಿ ಇಷ್ಟು ದಿನ ನಗುತ್ತಿದ್ದೆನಲ್ಲ!

ಮರುದಿನ ನಾನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅಪ್ಪ ಕೂಗಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೇಕಂತೆ.

"ಯಾಕಪ್ಪ, ಯಾರರ ಬರೋರು ಇದ್ದಾರೇನು?"

"ಇಲ್ಲವಾ. ನಾನs ಹೊಂಟೀನಿ." ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ಅವ್ವನ ಕಡೆ ತಿರುಗಿ, "ಇವಳs, ತಮ್ಮನ ಮನಿಗೆ ಹೋಗಿ ಬರ್ತೀನಿ," ಎಂದು ಹೇಳಿ, ಅಪ್ಪ ಮಂಚದ ಮೇಲೆ ನೆಟ್ಟಗೆ ಕೂತು ಮಣೆಯನ್ನು ತೊಡೆಯ ಮೇಲೆ ಎಳೆದುಕೊಂಡರು.